ಜಾತಿ ಹೆಸರಲ್ಲಿ ಅವಮಾನವಾದರೆ: ದೂರು ಬರೆಯುವುದರಿಂದ ಡಿಸಿಆರ್‌ಇ ತನಕ

ಒಂದು ದೂರಿನ ಪ್ರತಿ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಇರುವುದು ಎರಡೇ ಸಾಲು: ‘ನನ್ನನ್ನು ಜಾತಿ ಹಿಡಿದು ಬೈದು ಅವಮಾನ ಮಾಡಿರುತ್ತಾರೆ. ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’ ಏನಂತ ಬೈದರು? ಎಲ್ಲಿ? ಯಾರು ಕೇಳಿಸಿಕೊಂಡರು? ಒಂದೂ ಇಲ್ಲ. ಆ ಹುಡುಗನನ್ನು ಹೋಟೆಲ್ ಮುಂದೆ ಹತ್ತು ಜನರ ಎದುರು ಬೈದಿದ್ದರು. ಆದರೆ ಆ ಹತ್ತು ಜನರಲ್ಲಿ ಒಬ್ಬರ ಹೆಸರೂ ಕಾಗದದ ಮೇಲೆ ಬರಲಿಲ್ಲ. ಕೇಸು ಬಿದ್ದುಹೋಯಿತು. ಆ ದೂರು ಬರೆದುಕೊಟ್ಟವನು ನಾನೇ.

ಆಮೇಲೆ ಇಂಥ ದೂರುಗಳ ಜೊತೆ ಠಾಣೆ, ಕಚೇರಿ, ಕೋರ್ಟು ಅಂತ ಓಡಾಡಿದ್ದೇನೆ. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಮೊದಲ ದಿನ ಏನು ಬರೆದಿರಿ, ಬರೆದದ್ದಕ್ಕೆ ಯಾವ ಸ್ವೀಕೃತಿ ತಗೊಂಡಿರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಅದಕ್ಕೇ ಈ ಲೇಖನ.

ಮೊದಲು ಎರಡು ಕಾಯ್ದೆಗಳ ಪರಿಚಯ

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದನ್ನು ಜಾರಿಗೆ ತರಲು 1955ರಲ್ಲಿ ಒಂದು ಕಾಯ್ದೆ ಬಂತು. 1976ರ ತಿದ್ದುಪಡಿಯ ನಂತರ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಗುಡಿಗೆ ಬಿಡದಿರುವುದು, ಹೋಟೆಲಿನಲ್ಲಿ ಬೇರೆ ಲೋಟ ಇಡುವುದು, ಕ್ಷೌರ ಮಾಡಲ್ಲ ಅನ್ನುವುದು, ಬಾವಿ ನಲ್ಲಿ ಮುಟ್ಟಗೊಡದಿರುವುದು, ಜಾತಿ ಕೇಳಿ ಬಾಡಿಗೆ ಮನೆಗೆ ಅಡ್ಡಿ ಮಾಡುವುದು, ಇಂಥವೆಲ್ಲ ಇದರಡಿ ಬರುತ್ತವೆ. ಶಿಕ್ಷೆ ಕಡಿಮೆ. ಮೊದಲ ಸಲಕ್ಕೆ 1 ತಿಂಗಳಿಂದ 6 ತಿಂಗಳ ಜೈಲು, 100ರಿಂದ 500 ರೂಪಾಯಿ ದಂಡ. ಆದರೆ ಇದರ 12ನೇ ಕಲಂ ಬಹಳ ಬೆಲೆಯುಳ್ಳದ್ದು. ಪರಿಶಿಷ್ಟ ಜಾತಿಯವರ ಮೇಲೆ ಇಂಥ ಕೃತ್ಯ ನಡೆದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬೇಕು. ಅಲ್ಲ ಎಂದು ತೋರಿಸುವ ಹೊಣೆ ಆರೋಪಿಯದು.

ಎರಡನೆಯದು 1989ರ ದೌರ್ಜನ್ಯ ತಡೆ ಕಾಯ್ದೆ. ನಮ್ಮೂರ ಕಡೆ ‘ಅಟ್ರಾಸಿಟಿ ಕೇಸು’ ಅನ್ನುವುದು ಇದನ್ನೇ. ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಬೇರೆಯವರು ಮಾಡುವ ದೌರ್ಜನ್ಯಕ್ಕೆ ಇದು ಅನ್ವಯಿಸುತ್ತದೆ. ಆರೋಪಿಯೂ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದರೆ ಇದು ಬರುವುದಿಲ್ಲ. 2016ರ ಜನವರಿಯಿಂದ ಜಾರಿಯಾದ ತಿದ್ದುಪಡಿ ಇದನ್ನು ದೊಡ್ಡದು ಮಾಡಿತು. ಸಾಮಾಜಿಕ ಬಹಿಷ್ಕಾರ, ಮದುವೆ ಮೆರವಣಿಗೆಗೆ ಅಡ್ಡಿ, ಸ್ಮಶಾನಕ್ಕೆ ಬಿಡದಿರುವುದು, ತಲೆ ಬೋಳಿಸುವುದು, ಚಪ್ಪಲಿ ಹಾರ ಹಾಕುವುದು ಹೀಗೆ ಹೆಸರಿಟ್ಟು ಸೇರಿಸಿತು. ಜನರ ಎದುರು ಜಾತಿ ಹೆಸರು ಹಿಡಿದು ಬೈದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು.

ಯಾವ ಕಲಂ ಹಾಕಬೇಕು ಅಂತ ನೀವು ತಲೆ ಕೆಡಿಸಿಕೊಳ್ಳಬೇಡಿ. ಅದು ಪೊಲೀಸರ ಕೆಲಸ. ನಡೆದದ್ದನ್ನು ಸರಿಯಾಗಿ ಹೇಳುವುದು ಮಾತ್ರ ನಿಮ್ಮ ಕೆಲಸ.

ಡಿಸಿಆರ್‌ಇ ಅಂದರೆ ಯಾರು?

ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ. ಬಾಯಿಮಾತಿನಲ್ಲಿ ಡಿಸಿಆರ್‌ಇ. ಇದು ಕರ್ನಾಟಕ ಪೊಲೀಸ್ ಇಲಾಖೆಯದೇ ಒಂದು ಭಾಗ. 1970ರ ದಶಕದಿಂದ ಇದೆ. ಕೇಂದ್ರ ಕಚೇರಿ ಬೆಂಗಳೂರಿನಲ್ಲಿ. ಮೈಸೂರು, ಬೆಳಗಾವಿ, ಕಲಬುರಗಿ, ಮಂಗಳೂರು, ದಾವಣಗೆರೆಯಂಥ ಕಡೆ ಎಸ್‌ಪಿ ಮಟ್ಟದ ಪ್ರಾದೇಶಿಕ ಕಚೇರಿಗಳಿವೆ. ಬಹಳ ವರ್ಷ ಇವರು ಅರ್ಜಿ ವಿಚಾರಣೆ ಮಾಡಿ ವರದಿ ಕೊಡುತ್ತಿದ್ದರು, ಸ್ಥಳೀಯ ಠಾಣೆಯ ತನಿಖೆಯ ಮೇಲೆ ಕಣ್ಣಿಡುತ್ತಿದ್ದರು. ಸುಳ್ಳು ಜಾತಿ ಪ್ರಮಾಣ ಪತ್ರದ ದೂರುಗಳೂ ಇವರ ಹತ್ತಿರವೇ ಬರುತ್ತವೆ. ಇವರಿಗೆ ಸ್ವಂತ ಠಾಣೆ ಬೇಕು ಎಂಬ ಬೇಡಿಕೆ ಹಳೆಯದು. 2025ರಲ್ಲಿ ಅದು ಈಡೇರಿತು. ರಾಜ್ಯಕ್ಕೆ 33 ವಿಶೇಷ ಠಾಣೆಗಳು ಬಂದವು.

ಹಾಗಂತ ಡಿಸಿಆರ್‌ಇ ಠಾಣೆ ಹುಡುಕಿಕೊಂಡು ಅರವತ್ತು ಕಿಲೋಮೀಟರ್ ಬಸ್ಸು ಹತ್ತಬೇಕಿಲ್ಲ. ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜೀವಕ್ಕೆ ಅಪಾಯ ಇದ್ದರೆ ಮೊದಲು 112ಕ್ಕೆ ಫೋನ್ ಮಾಡಿ.

ಹೆಜ್ಜೆ 1: ಅವತ್ತೇ ಕೂತು ಬರೆಯಿರಿ

ಪೂರ್ತಿ ಲೇಖನದಲ್ಲಿ ಈ ಭಾಗವನ್ನು ಎರಡು ಸಲ ಓದಿ. ನೆನಪು ಹಸಿಯಾಗಿರುವಾಗಲೇ ಬರೆಯಬೇಕು. ತಡವಾದರೆ ‘ಇಷ್ಟು ದಿನ ಯಾಕೆ ಸುಮ್ಮನಿದ್ರಿ?’ ಎಂಬ ಪ್ರಶ್ನೆ ಕೋರ್ಟಿನವರೆಗೂ ಹಿಂಬಾಲಿಸುತ್ತದೆ. ತಡವಾಗಿಯೇ ಹೋಗಿದ್ದರೆ ಕಾರಣ ಬರೆಯಿರಿ. ಹೆದರಿಕೆ ಇತ್ತು, ಆಸ್ಪತ್ರೆಯಲ್ಲಿದ್ದೆ, ಊರ ಹಿರಿಯರು ಪಂಚಾಯ್ತಿ ಮಾಡುತ್ತೇವೆ ಅಂತ ತಡೆದರು, ಏನಿದೆಯೋ ಅದು.

ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. ಇದು ಕಷ್ಟ, ನನಗೆ ಗೊತ್ತು. ಆ ಮಾತನ್ನು ಮತ್ತೆ ಕೈಯಿಂದ ಬರೆಯುವುದು ಇನ್ನೊಮ್ಮೆ ಪೆಟ್ಟು ತಿಂದ ಹಾಗೆ. ಆದರೂ ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಅಂತ ಮರ್ಯಾದೆಯ ಕನ್ನಡದಲ್ಲಿ ಬರೆದರೆ ಕೇಸು ಸೊರಗುತ್ತದೆ. ಕಲಬುರಗಿ ಕಡೆಯ ಮಾತಾದರೆ ಆ ಮಾತಿನಲ್ಲೇ ಇರಲಿ. ಮಂಡ್ಯದ ಮಾತಾದರೆ ಮಂಡ್ಯದ್ದೇ ಇರಲಿ. ಜಾತಿ ಹೆಸರು ಹೇಳಿದ್ದರೆ ಅದೂ ಹಾಗೇ ಬರಬೇಕು.

ಸ್ಥಳವನ್ನು ಬಿಡಿಸಿ ಹೇಳಿ. ‘ಊರಲ್ಲಿ’ ಅಂದರೆ ಸಾಲದು. ಯಾವ ಗುಡಿಯ ಕಟ್ಟೆ, ಯಾವ ಹೋಟೆಲಿನ ಮುಂದೆ, ಬಸ್ ಸ್ಟ್ಯಾಂಡಿನ ಯಾವ ಕಡೆ? ಬೈಗುಳದ ಕೇಸು ‘ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗ’ದಲ್ಲಿ ನಡೆದಿರಬೇಕು ಎನ್ನುತ್ತದೆ ಕಾಯ್ದೆ. ಮನೆಯ ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಇದಕ್ಕೆ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ಅಲ್ಲಿ ಯಾರಿದ್ದರು, ಎಷ್ಟು ದೂರದಲ್ಲಿದ್ದರು, ಯಾರು ಕೇಳಿಸಿಕೊಂಡರು ಅನ್ನುವುದು ಮುಖ್ಯ. ಅವರು ಸಾಕ್ಷಿ ಹೇಳುತ್ತಾರೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಹೆಸರು ಬರೆಯಿರಿ. ನಾನು ಅವತ್ತು ಬಿಟ್ಟದ್ದು ಇದನ್ನೇ.

ಅದೇ ತೀರ್ಪು ಇನ್ನೊಂದು ಮಾತು ಹೇಳಿದೆ. ಬರೀ ಜಮೀನಿನ ಜಗಳ ಅಟ್ರಾಸಿಟಿ ಆಗುವುದಿಲ್ಲ. ಹೊಲದ ಬದುವಿನ ತಕರಾರು ನಿಮಗೂ ಅವರಿಗೂ ಮೊದಲೇ ಇದ್ದರೆ ಅದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಎದುರು ವಕೀಲರು ಅದನ್ನೇ ಎತ್ತಿ ಹಿಡಿಯುತ್ತಾರೆ. ತಕರಾರು ಇತ್ತು, ಅವತ್ತು ಜಾತಿ ಎತ್ತಿ ಹೀಗೆ ಅಂದರು ಅಂತ ಬಿಡಿಸಿ ಬರೆಯಿರಿ.

ಅವರಿಗೆ ನಿಮ್ಮ ಜಾತಿ ಗೊತ್ತಿತ್ತು ಎಂಬುದಕ್ಕೂ ಒಂದು ಸಾಲು ಇರಲಿ. ‘ನಾವು ಒಂದೇ ಊರಿನವರು, ಇಪ್ಪತ್ತು ವರ್ಷದಿಂದ ನನ್ನ ಮನೆತನ ಅವರಿಗೆ ಗೊತ್ತು’ ಅಂದರೆ ಸಾಕು. ನಿಮ್ಮ ಅಥವಾ ನಿಮ್ಮ ಮನೆಯವರ ಪರಿಚಯ ಆರೋಪಿಗೆ ಇತ್ತು ಅಂತಾದರೆ, ಜಾತಿ ಗೊತ್ತಿತ್ತು ಎಂದೇ ಕೋರ್ಟು ಭಾವಿಸುತ್ತದೆ.

ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೊಡೆದಾಟದ ಪೆಟ್ಟು ಅಂತ ಡಾಕ್ಟರಿಗೆ ಹೇಳಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಿ. ಹೆದರಿ ‘ಬಿದ್ದೆ’ ಅಂದುಬಿಟ್ಟರೆ ಆ ಒಂದು ಪದ ಕೊನೆವರೆಗೂ ಕಾಡುತ್ತದೆ. ವಿಡಿಯೊ ಇದ್ದರೆ ತೆಗೆದ ಫೋನನ್ನೇ ಜೋಪಾನ ಮಾಡಿ. ಕತ್ತರಿಸಬೇಡಿ, ಹಾಡು ಸೇರಿಸಿ ಸ್ಟೇಟಸ್ ಹಾಕಬೇಡಿ.

ಹೆಜ್ಜೆ 2: ಠಾಣೆಯಲ್ಲಿ

ಒಬ್ಬರೇ ಹೋಗಬೇಡಿ. ಸಂಘಟನೆಯವರು, ಸಮಾಜ ಸೇವಕರು, ವಕೀಲರು ಯಾರ ಸಹಾಯವನ್ನಾದರೂ ತಗೊಳ್ಳುವ ಹಕ್ಕು ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂನಲ್ಲೇ ಇದೆ. ಬರೆಯಲು ಬರದಿದ್ದರೆ ಬಾಯಲ್ಲಿ ಹೇಳಬಹುದು. ಠಾಣೆಯವರು ಬರೆದುಕೊಂಡು, ನಿಮಗೆ ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು. ಓದಿ ಹೇಳದೆ ಸಹಿ ಕೇಳಿದರೆ ‘ಒಂದ್ಸಲ ಓದಿ ಸಾರ್’ ಅನ್ನಿ. ತಪ್ಪೇನಿಲ್ಲ. ಓದಿ ಹೇಳುವುದು, ಎಫ್‌ಐಆರ್ ಹಾಕುವುದು, ಪ್ರತಿ ಕೊಡುವುದು, ಇವೆಲ್ಲ 4ನೇ ಕಲಂ ಪ್ರಕಾರ ಅಧಿಕಾರಿಯ ಕರ್ತವ್ಯ. ಬೇಕಂತಲೇ ಮಾಡದಿದ್ದರೆ ಆ ಅಧಿಕಾರಿಗೇ 6 ತಿಂಗಳಿಂದ 1 ವರ್ಷದ ಜೈಲು ಇದೆ. ಅದಕ್ಕೆ ಮೊದಲು ಇಲಾಖೆಯ ವಿಚಾರಣೆ ನಡೆದು ಶಿಫಾರಸು ಆಗಬೇಕು.

ಠಾಣೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮೂರು ಮಾತುಗಳಿವೆ.

‘ಜಾತಿ ಸರ್ಟಿಫಿಕೇಟ್ ತಗೊಂಡು ಬಾಪ್ಪ, ಆಮೇಲೆ ನೋಡೋಣ.’ ಸರ್ಟಿಫಿಕೇಟ್ ತನಿಖೆಗೆ ಬೇಕು, ನಿಜ. ಆದರೆ ಎಫ್‌ಐಆರ್‌ಗೆ ಅದು ಶರತ್ತಲ್ಲ. ನಾಡಕಚೇರಿಯಿಂದ ಪಡೆದ ಪ್ರಮಾಣ ಪತ್ರದ ಆರ್‌ಡಿ ಸಂಖ್ಯೆ ಗೊತ್ತಿದ್ದರೆ ದೂರಿನಲ್ಲೇ ಬರೆದುಬಿಡಿ. ಆ ಮಾತು ಅಲ್ಲಿಗೇ ನಿಲ್ಲುತ್ತದೆ.

‘ಮೊದಲು ನಾವು ವಿಚಾರಣೆ ಮಾಡ್ತೀವಿ, ನಿಜ ಅನ್ಸಿದ್ರೆ ಕೇಸ್ ಹಾಕ್ತೀವಿ.’ 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಇಂಥ ಪ್ರಾಥಮಿಕ ವಿಚಾರಣೆಗೆ ದಾರಿ ಮಾಡಿತ್ತು. ದೇಶದಾದ್ಯಂತ ಜನ ಬೀದಿಗಿಳಿದರು. ಅದೇ ವರ್ಷ ಸಂಸತ್ತು 18ಎ ಕಲಂ ಸೇರಿಸಿತು. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ, ಬಂಧನಕ್ಕೆ ಯಾರ ಅನುಮತಿಯೂ ಬೇಕಿಲ್ಲ ಅನ್ನುತ್ತದೆ ಅದು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಳೆಯ ಸಿಆರ್‌ಪಿಸಿ ಬದಲು ಬಂದ ಹೊಸ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕೆಲವು ಅಪರಾಧಗಳಿಗೆ 14 ದಿನದ ಪ್ರಾಥಮಿಕ ವಿಚಾರಣೆ ಇದೆ ಅಂತ ಯಾರಾದರೂ ಹೇಳಿದರೆ ಈ 18ಎ ನೆನಪಿಸಿ.

‘ಇದು ನಮ್ಮ ಲಿಮಿಟ್ ಅಲ್ಲ.’ 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್‌ನ 173ನೇ ಕಲಂ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಾದರೂ ದೂರು ತಗೊಳ್ಳಬೇಕು. ಇದಕ್ಕೆ ಝೀರೊ ಎಫ್‌ಐಆರ್ ಅನ್ನುತ್ತಾರೆ.

ನಾಲ್ಕನೆಯ ಮಾತೂ ಇದೆ, ಅದು ಮೆಲ್ಲಗೆ ಬರುತ್ತದೆ. ‘ನಾಳೆ ಅದೇ ಊರಲ್ಲಿ ಇರಬೇಕಾದೋರು ನೀವು. ರಾಜಿ ಮಾಡ್ಕೊಂಡು ಹೋಗಿ.’ ನಿಮಗೆ ರಾಜಿ ಬೇಕೋ ಬೇಡವೋ ನಿಮ್ಮ ಮನಸ್ಸು. ಆದರೆ ಠಾಣೆಯಲ್ಲಿ ಒತ್ತಾಯದ ಮುಚ್ಚಳಿಕೆಗೆ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಬೇಡವೇ ಬೇಡ.

ಬರುವಾಗ ಕೈಯಲ್ಲಿ ಎಫ್‌ಐಆರ್ ಪ್ರತಿ ಇರಬೇಕು. ಅದು ಉಚಿತ. ಅವತ್ತು ಎಫ್‌ಐಆರ್ ಹಾಕದಿದ್ದರೆ ದೂರು ಸ್ವೀಕರಿಸಿದ್ದಕ್ಕೆ ಮೊಹರು, ದಿನಾಂಕ, ಸಹಿ ಇರುವ ಹಿಂಬರಹ ಕೇಳಿ ಪಡೆಯಿರಿ.

ಹೆಜ್ಜೆ 3: ಠಾಣೆ ಕೇಳದಿದ್ದರೆ

ದೂರಿನ ಪ್ರತಿಯನ್ನು ಜಿಲ್ಲಾ ಎಸ್‌ಪಿಗೆ, ನಗರವಾದರೆ ಪೊಲೀಸ್ ಕಮಿಷನರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಜೊತೆಗೇ ಡಿಸಿಆರ್‌ಇಗೆ ಒಂದು ಪ್ರತಿ. ಅಂಚೆ ರಸೀದಿ ಎಸೆಯಬೇಡಿ. ಅದನ್ನು ದೂರಿಗೇ ಪಿನ್ ಮಾಡಿ ಇಡಿ. ಎಸ್‌ಪಿಯಿಂದಲೂ ಕೆಲಸ ಆಗದಿದ್ದರೆ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಬಹುದು. ಅಲ್ಲಿ ಮೊದಲು ಕೇಳುವುದೇ ‘ಠಾಣೆಗೆ ಹೋಗಿದ್ರಾ, ಎಸ್‌ಪಿಗೆ ಬರೆದ್ರಾ?’ ಅಂತ. ಆ ರಸೀದಿಯೇ ಉತ್ತರ.

ಡಿಸಿಆರ್‌ಇಗೆ ಕೊಡುವ ಅರ್ಜಿಯಲ್ಲಿ ಎರಡು ಸಂಗತಿ ಬೇರೆ ಬೇರೆ ಬರೆಯಿರಿ. ಒಂದು, ನಿಮಗೆ ಆದ ಅನ್ಯಾಯ. ಇನ್ನೊಂದು, ಠಾಣೆಯಲ್ಲಿ ಯಾವ ದಿನ ಯಾರು ಏನೆಂದು ವಾಪಸ್ ಕಳಿಸಿದರು ಅನ್ನುವುದು. ಎರಡನ್ನೂ ಕಲಸಿ ಬರೆದರೆ ಓದುವವರಿಗೆ ಎರಡೂ ಸಿಗುವುದಿಲ್ಲ. ಅರ್ಜಿಗೆ ಸಂಖ್ಯೆ ಬೀಳುತ್ತದೆ, ಅದನ್ನು ಬರೆದುಕೊಳ್ಳಿ. ಅಧಿಕಾರಿ ಸ್ಥಳಕ್ಕೆ ಬಂದು ಹೇಳಿಕೆ ತಗೊಳ್ಳುತ್ತಾರೆ. ಅವರು ಬರುವ ದಿನ ಸಾಕ್ಷಿಗಳು ಊರಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಕೂಲಿಗೆ ಹೋದವರನ್ನು ಸಂಜೆಯವರೆಗೆ ಕಾಯಲು ಅವರಿಗೆ ಆಗದೇ ಇರಬಹುದು.

ಫೋನಿನಲ್ಲಿ ಕೇಳುವುದಾದರೆ ದೌರ್ಜನ್ಯ ತಡೆಗೇ ಇರುವ ರಾಷ್ಟ್ರೀಯ ಸಹಾಯವಾಣಿ 14566 ಇದೆ. ಉಚಿತ ವಕೀಲರು ಬೇಕಿದ್ದರೆ 15100. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ.

ಹೆಜ್ಜೆ 4: ತನಿಖೆ ನಡೆಯುವಾಗ

ಈ ಕೇಸನ್ನು ಸಬ್ ಇನ್‌ಸ್ಪೆಕ್ಟರ್ ತನಿಖೆ ಮಾಡುವಂತಿಲ್ಲ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ ಪ್ರಕಾರ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆ ಇಲ್ಲದ ಅಧಿಕಾರಿ ಬೇಕು. ನಗರದಲ್ಲಿ ಎಸಿಪಿ. ಎಫ್‌ಐಆರ್ ಆದ ವಾರದಲ್ಲೇ ತನಿಖಾಧಿಕಾರಿ ಯಾರು ಅಂತ ಕೇಳಿ ತಿಳಿಯಿರಿ. ಕೆಳಗಿನ ದರ್ಜೆಯವರು ತನಿಖೆ ಮಾಡಿದ್ದರೆ ಅದೇ ನೆಪದಲ್ಲಿ ಕೇಸು ಬೀಳುವುದುಂಟು.

ಸ್ಥಳ ಮಹಜರಿಗೆ ಬಂದಾಗ ನೀವೂ ಇರಿ. ನೀವು ನಿಂತಿದ್ದ ಜಾಗ, ಅವರು ನಿಂತಿದ್ದ ಜಾಗ ತೋರಿಸಿ. ನಕ್ಷೆಯಲ್ಲಿ ಹೋಟೆಲ್ಲೇ ಬರದಿದ್ದರೆ ಅಲ್ಲೇ ಹೇಳಿ.

ದೋಷಾರೋಪ ಪಟ್ಟಿ ಕೋರ್ಟಿಗೆ ಹೋಗಲು 60 ದಿನದ ಗಡುವಿದೆ. ತಡವಾದರೆ ಕಾರಣವನ್ನು ಅಧಿಕಾರಿ ಬರೆದು ಕೊಡಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 61ನೇ ದಿನ ಎಸ್‌ಪಿಗೆ, ಡಿಸಿಆರ್‌ಇಗೆ ಒಂದೊಂದು ಪತ್ರ ಹಾಕಿ. ‘ಬಿ ರಿಪೋರ್ಟ್’ ಹಾಕಿದ್ದಾರೆ, ಅಂದರೆ ಕೇಸಿನಲ್ಲಿ ಹುರುಳಿಲ್ಲ ಎಂದು ಮುಚ್ಚಲು ಹೊರಟಿದ್ದಾರೆ ಅಂತ ಗೊತ್ತಾದರೆ ಧೃತಿಗೆಡಬೇಡಿ. ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಬಹುದು.

ನಿಮ್ಮ ಮೇಲೂ ಒಂದು ಕೌಂಟರ್ ಕೇಸು ಬರುವ ಸಾಧ್ಯತೆ ಜಾಸ್ತಿ. ಕಳ್ಳತನ, ಹಲ್ಲೆ, ಏನಾದರೂ. ಇದಕ್ಕೆ ಹೆದರಿ ದೂರು ವಾಪಸ್ ತಗೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಅವರ ಮೇಲೆ ನನಗೆ ಬೇಸರವಿಲ್ಲ. ಅದೇ ಊರಿನ ರೇಷನ್ ಅಂಗಡಿಗೆ, ಅದೇ ಹೊಲದ ಕೂಲಿಗೆ ಹೋಗಬೇಕಲ್ವಾ? ಆದರೆ ಇದು ಗೊತ್ತಿರಲಿ: ಕೂಲಿ ಕೊಡದಿರುವುದು, ಸಾಮಾನು ಮಾರದಿರುವುದು, ಮಾತು ಬಿಡಿಸುವುದು ಎಲ್ಲವೂ ಬಹಿಷ್ಕಾರ. ಅದು ಮತ್ತೊಂದು ಅಪರಾಧ. ಅದಕ್ಕೆ ಹೊಸ ದೂರು ಕೊಡಬಹುದು. ನಿಮಗೆ, ಸಾಕ್ಷಿಗಳಿಗೆ ರಕ್ಷಣೆ ಕೇಳುವ ಹಕ್ಕೂ 15ಎ ಕಲಂನಲ್ಲಿದೆ.

ಹೆಜ್ಜೆ 5: ಪರಿಹಾರದ ಹಣ

ಇದನ್ನು ಕೇಳಲು ಕೆಲವರು ಸಂಕೋಚ ಪಡುತ್ತಾರೆ. ‘ದುಡ್ಡಿಗೋಸ್ಕರ ಕೇಸ್ ಹಾಕಿದ್ರು’ ಅನ್ನುವ ಚುಚ್ಚುಮಾತು ಇದ್ದೇ ಇರುತ್ತದೆ. ಸಂಕೋಚ ಬೇಡ. ಇದು ದಾನವಲ್ಲ, ನಿಯಮದಲ್ಲಿ ಬರೆದಿರುವ ಹಕ್ಕು. 2016ರಲ್ಲಿ ತಿದ್ದಿದ ಆ ನಿಯಮಗಳಲ್ಲಿ ಅಪರಾಧಕ್ಕೆ ತಕ್ಕ ಹಾಗೆ 85,000 ರೂಪಾಯಿಯಿಂದ 8,25,000 ರೂಪಾಯಿವರೆಗೆ ನಿಗದಿಯಾಗಿದೆ. ಜನರೆದುರು ಜಾತಿ ನಿಂದನೆಗೆ 1 ಲಕ್ಷ. ಅದರಲ್ಲಿ ಶೇಕಡ 25 ಎಫ್‌ಐಆರ್ ಹಂತದಲ್ಲಿ, ಶೇಕಡ 50 ದೋಷಾರೋಪ ಪಟ್ಟಿ ಹೋದಾಗ, ಉಳಿದದ್ದು ಶಿಕ್ಷೆಯಾದಾಗ. ತಕ್ಷಣದ ನೆರವನ್ನು 7 ದಿನದೊಳಗೆ ಕೊಡುವ ವ್ಯವಸ್ಥೆ ಜಿಲ್ಲಾಡಳಿತದ್ದು. ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಗೆ ಎಫ್‌ಐಆರ್, ಜಾತಿ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಪ್ರತಿ ತಗೊಂಡು ಹೋಗಿ.

ಹಣ ಬರದಿದ್ದರೆ, ತನಿಖೆ ನಿಂತಿದ್ದರೆ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇದೆ. ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ಇದರಲ್ಲಿ ಅಧಿಕಾರಿಗಳಲ್ಲದ ಸದಸ್ಯರೂ ಇರುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಅವರು ಯಾರು ಅಂತ ಕೇಳಿಕೊಂಡು, ನಿಮ್ಮ ಎಫ್‌ಐಆರ್ ಸಂಖ್ಯೆ ಕೊಟ್ಟು, ಸಭೆಯಲ್ಲಿ ಎತ್ತಲು ಹೇಳಿ. ನನ್ನ ಅನುಭವದಲ್ಲಿ ಹತ್ತು ಸಲ ಕಚೇರಿ ಸುತ್ತುವುದಕ್ಕಿಂತ ಇದು ಮೇಲು.

ಹೆಜ್ಜೆ 6: ಕೋರ್ಟಿನಲ್ಲಿ

ದೋಷಾರೋಪ ಪಟ್ಟಿ ಬಂದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಲು ಆದಷ್ಟೂ ನೋಡಬೇಕು ಅನ್ನುತ್ತದೆ ಕಾಯ್ದೆ. ವಾಸ್ತವ ಬೇರೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲ್ ಪ್ರವೇಶದ ತಕರಾರಿನ ಹಿನ್ನೆಲೆಯಲ್ಲಿ ದಲಿತರ ಮೇಲೆ ಹಲ್ಲೆ ನಡೆದು, ಮನೆಗಳಿಗೆ ಬೆಂಕಿ ಬಿದ್ದದ್ದು 2014ರಲ್ಲಿ. ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದ ಪ್ರಕರಣದಲ್ಲಿ ಸಾಕ್ಷಿಗಳು ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಸಾಕ್ಷಿಯನ್ನು ಕಾಪಾಡಿಕೊಳ್ಳುವುದು ಎಂಥ ದೊಡ್ಡ ಕೆಲಸ ಅಂತ ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ದೊಡ್ಡ ಕೇಸಾದರೆ ಮುಖ್ಯ ಸಾಕ್ಷಿಗಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಿ ಎಂದು ತನಿಖಾಧಿಕಾರಿಗೆ ಬೇಗನೇ ಬರೆದು ಕೇಳಿ.

ಆರೋಪಿ ಜಾಮೀನು ಕೇಳಿದಾಗ ನಿಮಗೆ ತಿಳಿಸಬೇಕು, ನಿಮ್ಮ ಮಾತು ಕೇಳಬೇಕು. ಇದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ತಿಳಿಸದೆ ಜಾಮೀನು ಆಗಿದ್ದರೆ ಅದನ್ನು ಪ್ರಶ್ನಿಸಬಹುದು. ಸರ್ಕಾರಿ ವಕೀಲರ ಮೇಲೆ ನಂಬಿಕೆ ಇಲ್ಲದಿದ್ದರೆ, ಹೆಸರಾದ ಹಿರಿಯ ವಕೀಲರೊಬ್ಬರನ್ನು ನೇಮಿಸಿ ಎಂದು ಜಿಲ್ಲಾಧಿಕಾರಿಗೆ ಮನವಿ ಕೊಡಬಹುದು. ತೀರ್ಪು ವಿರುದ್ಧ ಬಂದರೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ.

ಸಾಕ್ಷಿ ಹೇಳುವ ಹಿಂದಿನ ದಿನ ಎಫ್‌ಐಆರ್ ಪ್ರತಿ ತೆಗೆದು ಓದಿ. ಓದಲು ಬರದಿದ್ದರೆ ಮಕ್ಕಳಿಂದ ಓದಿಸಿಕೊಳ್ಳಿ. ಎಷ್ಟೋ ವರ್ಷದ ಹಿಂದಿನ ಮಾತು, ಮರೆತಿರುತ್ತದೆ. ಕೋರ್ಟಿಗೆ ಹೋದ ದಿನದ ಬಸ್ ಟಿಕೆಟ್ ಹರಿಯಬೇಡಿ. ನಿಮಗೂ ನಿಮ್ಮ ಸಾಕ್ಷಿಗಳಿಗೂ ಪ್ರಯಾಣದ ಖರ್ಚು, ಆ ದಿನದ ಭತ್ಯೆ ಸಿಗುತ್ತದೆ. ಅದನ್ನು ಅಲ್ಲೇ ಕೇಳಿ, ಸಾಕ್ಷಿಗೆ ಬಂದ ಕೂಲಿಯವರಿಗೆ ಮೊದಲು ಕೊಡಿಸಿ.